ತೀರ್ಥ ಬಿದ್ದ ಬಾಟಲಿಗಳು

ವತ್ಸಲಾಗೆ ಹೇಸಿಗೆ ಬೇಗ. ಹೋಟೆಲಿನ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಬಾಯಿಗೆ ಇಡುವವಳಲ್ಲ. ರಾಜಗೋಪಾಲನಗರದ ಮನೆಯಲ್ಲಿ ಎಲ್ಲರೂ ಇದನ್ನೊಂದು ರೋಗವೆಂದೇ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಪೀಣ್ಯದ ಶೆಡ್ಡಿನ ಲ್ಯಾಬಿನಲ್ಲಿ ಅವಳಿಗೆ ಅನ್ನ ಹಾಕುತ್ತಿರುವುದು ಇದೇ ಹೇಸಿಗೆ. ರೋಗವಿಲ್ಲದ ಆಲೂಗಡ್ಡೆ ಗಿಡದ ಚೂರನ್ನು ಬಾಟಲಿಯ ಜೆಲ್ಲಿಯಲ್ಲಿ ನೆಟ್ಟು, ಹಾರ್ಮೋನು ಉಣಿಸಿ, ಒಂದನ್ನು ನೂರಾಗಿಸುವ ಕೆಲಸ. ಹಾರ್ಮೋನು ತುಸು ಹೆಚ್ಚಾದರೆ ಗಿಡದ ಬದಲು ಹಸಿರು ಮುದ್ದೆ ಏಳುತ್ತದೆ. ಒಂದು ಕಣ ಧೂಳು ಒಳಹೊಕ್ಕರೆ ಬೂಷ್ಟು ಮುತ್ತಿ ಎಲ್ಲ ಎಕ್ಕುಟ್ಟಿಹೋಗುತ್ತದೆ.

ಮಾಲೀಕರಾದ ಪಂಚಾಕ್ಷರಿ ಹಿಂದೆ ಲೇತ್ ಮಷೀನು ಇಟ್ಟುಕೊಂಡಿದ್ದವರು. ಆಯುಧಪೂಜೆ ಎಂದರೆ ಅವರಿಗೆ ಮೈಮೇಲೆ ಬಂದ ಹಾಗೆ. ಈ ಸಲ ಲ್ಯಾಬಿಗೂ ಪೂಜೆ ಎಂದರು.

"ಹೂವು, ಹೊಗೆ ಒಳಗೆ ಬೇಡ ಸಾರ್. ಬಾಗಿಲಲ್ಲೇ ಕುಂಬಳಕಾಯಿ ಒಡೀರಿ, ಸಾಕು," ಎಂದಳು ವತ್ಸಲಾ.

"ಲೇತಿಗೆ ಮಾಡಿದ್ದು ಇದಕ್ಕೆ ಬೇಡ್ವೇನಮ್ಮ? ಮುಟ್ಟಾದೋರು ಮಾತ್ರ ಒಳಗೆ ಬರಬಾರದು, ಅಷ್ಟೇ."

ಪೂಜೆಯ ದಿನ ವತ್ಸಲಾ ಮುಟ್ಟಾಗಿದ್ದಳು. ಬಾಯಿ ಬಿಡಲಿಲ್ಲ. ಮುಂದಿನ ಬೆಳೆಗೆಲ್ಲ ಮೂಲವಾದ ತಾಯಿಗಿಡಗಳ ಒಂದು ಟ್ರೇ ಎತ್ತಿಕೊಂಡು ಹಿಂದಿನ ಸಾಮಾನಿನ ಕೋಣೆಗೆ ಹೋಗಿ, ಟ್ಯೂಬ್‌ಲೈಟಿನ ಕೆಳಗೆ ಇಟ್ಟಳು. ಇತ್ತ ಪಂಚಾಕ್ಷರಿ ಮಾವಿನೆಲೆ ಅದ್ದಿ ಅದ್ದಿ, ಉಳಿದ ಬಾಟಲಿಗಳ ಹತ್ತಿ ಬಿರಡೆಗಳ ಮೇಲೆಲ್ಲ ಅರಿಸಿನದ ತೀರ್ಥ ಚಿಮುಕಿಸಿದರು.

ವಾರ ಕಳೆಯುವಷ್ಟರಲ್ಲಿ ಒದ್ದೆ ಹತ್ತಿಯಿಂದ ಬೂಷ್ಟು ಕೆಳಗಿಳಿದಿತ್ತು. ಥೂ! ಬಾಟಲಿಯೊಳಗೆಲ್ಲ ಇಲಿಯ ಮೈಯಂಥ ಬೂದು ರೋಮ, ಬುಡದಲ್ಲಿ ಲೋಳೆ, ಅದರಲ್ಲಿ ಕೊಳೆತ ಗಿಡ. ತೊಳೆಯಲು ಬಿರಡೆ ಕಿತ್ತರೆ ಹುಳಿನಾತ ಗಂಟಲಿಗೇ ಇಳಿಯಿತು. ಹೊಸದಾಗಿ ಸೇರಿದ್ದ ಲಾವಣ್ಯ ಸಿಂಕಿನಲ್ಲೇ ವಾಂತಿ ಮಾಡಿಕೊಂಡಳು.

ವತ್ಸಲಾಗೆ ಅದಕ್ಕಿಂತ ಹೇಸಿಗೆಯಾದದ್ದು ಆಮೇಲೆ. ಪಂಚಾಕ್ಷರಿ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ನಿಜ ಹೇಳಿ. ಪೂಜೆ ದಿನ ಮುಟ್ಟಾದೋರು ಯಾರು ಬಂದಿದ್ರಿ?" ಕಣ್ಣು ಲಾವಣ್ಯಳ ಮೇಲೆ ನಿಂತಿತು. "ನೀನೇ ತಾನೆ? ನಾಳೆಯಿಂದ ಕೆಲಸಕ್ಕೆ ಬರಬೇಡ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮನುಷ್ಯ ಹೆಂಗಸರ ಮೈಯೇ ಡೊಂಕು ಅನ್ನುತ್ತಿದ್ದಾನಲ್ಲ! ವತ್ಸಲಾಗೆ ಮೈಯೆಲ್ಲ ಉರಿದುಹೋಯಿತು.

"ಅವಳಲ್ಲ ಸಾರ್, ನಾನು," ಎಂದಳು. ಹಿಂದಿನ ಕೋಣೆಯಿಂದ ಟ್ರೇ ತಂದು ಎಲ್ಲರಿಗೂ ಕಾಣುವಂತೆ ಹಿಡಿದಳು. ಗಿಡಗಳು ನಳನಳಿಸುತ್ತಿದ್ದವು. "ಅವತ್ತು ನಾನು ಎತ್ಕೊಂಡು ಹೋಗಿದ್ದು ಇವು. ನಿಮ್ಮ ತೀರ್ಥ ಬಿದ್ದಿದ್ದು ಸಿಂಕಲ್ಲಿದೆ, ನೋಡ್ಕೊಳಿ."

ಪಂಚಾಕ್ಷರಿ ಬಗ್ಗಿ ಗಿಡಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಮುಖ ಅರಳಿತು. "ಅಯ್ಯೋ, ಇಷ್ಟಾದ್ರೂ ಉಳ್ಕೊಂಡಿದಾವಲ್ಲಮ್ಮ! ಎಲ್ಲಾ ಶಿವನ ದಯೆ. ಕೊಡಮ್ಮ ಇಲ್ಲಿ, ದೇವರ ಮುಂದೆ ಇಟ್ಟು ಬರ್ತೀನಿ," ಎಂದು ವಿಭೂತಿ ಮೆತ್ತಿದ ಎರಡೂ ಕೈ ಚಾಚಿದರು.

ವತ್ಸಲಾ ಟ್ರೇಯನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು.

"ಮುಟ್ಟಬೇಡಿ ಸಾರ್. ಮೊದಲು ಕೈ ತೊಳ್ಕೊಂಡು ಬನ್ನಿ."