ಬಾಗಿಲಿಗೆ ಇಟ್ಟ ಅದಿರಿನ ಕಲ್ಲು

ಮುಷ್ಟಿಯಷ್ಟು ಕಬ್ಬಿಣದ ಅದಿರು. ಒಂದು ಮಗ್ಗುಲು ನಯ, ಇನ್ನೊಂದು ಒರಟು. ಹಿಡಿದರೆ ಅಂಗೈಗೆ ಕೆಂಪು ಹತ್ತುತ್ತದೆ. ಮೊನ್ನೆ ಕೊಪ್ಪಳದ ಆಪ್ತಸಮಾಲೋಚನಾ ಕೇಂದ್ರಕ್ಕೆ ಕೆಲಸದ ಮೇಲೆ ಹೋಗಿದ್ದಾಗ ಅಲ್ಲಿನ ಜವಾನ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ.

"ಸರ್ ಕೋಣಿಗೆ ಸುಣ್ಣ ಹಚ್ಚೂಮುಂದ ಸಿಕ್ತರಿ. ಒಗೀಬೇಕಂತಿದ್ದೆ, ಅಷ್ಟರಾಗ ನೀವು ಬಂದ್ರಿ. ಸರ್ ತೀರಿಹೋಗಿ ವರ್ಷಾತಲ್ಲರೀ..."

ನನಗೆ ಗೊತ್ತಿರಲಿಲ್ಲ.

ಸರ್ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಎಂಟು ವರ್ಷದ ಹಿಂದೆ ನಾನು ತರಬೇತಿಗೆ ಹೋದಾಗ ಕೇಂದ್ರದ ಕೊನೆಯ ಕೋಣೆಯಲ್ಲಿ ಕೂರುತ್ತಿದ್ದರು. ಆ ಕಡೆ ಬೇರೆ ಯಾರೂ ಸುಳಿಯುತ್ತಿರಲಿಲ್ಲ. ಬಾಗಿಲು ಮುಚ್ಚದಂತೆ ಈ ಕಲ್ಲನ್ನಿಟ್ಟು, ಬಂದವರಿಗೆ ಬಾಗಿಲ ಹತ್ತಿರದ ಕುರ್ಚಿ ಕೊಟ್ಟು, ಮೊದಲು ಹೇಳುತ್ತಿದ್ದುದು ಇಷ್ಟು: "ಬಾಗಲ ತೆರದೈತಿ. ಬ್ಯಾಡ ಅನಿಸಿದ್ರ ಎದ್ದು ಹೋಗ್ರಿ." ನಾನು ನೋಡಿದಂತೆ ಇಬ್ಬರು ಎದ್ದು ಹೋದರು. ಒಬ್ಬರು ಮರುವಾರ ತಾವಾಗಿಯೇ ಬಂದರು.

ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ತಿಂಗಳಾದರೂ ಆ ಕೋಣೆಯಲ್ಲಿ ಬಾಯಿ ತೆರೆದಿರಲಿಲ್ಲ. ಒಂದು ಸೋಮವಾರ ಸರ್‌ಗೆ ಹೇಳಿದೆ: ಮಾತಾಡದಿರುವುದು ನನ್ನ ಹುಟ್ಟುಗುಣ, ಈ ಕೆಲಸ ನನ್ನಿಂದಾಗದು, ಶನಿವಾರ ಬಿಡುತ್ತೇನೆ. "ಆತು" ಎಂದರು, ಅಷ್ಟೇ. ಮನುಷ್ಯಸ್ವಭಾವ ಮತ್ತು ಆಯ್ಕೆಯ ಸ್ವಾತಂತ್ರ್ಯದ ಮೇಲೆ ಎಂ.ಎ. ಪರೀಕ್ಷೆಯಲ್ಲಿ ಎಂಟು ಪುಟ ಬರೆದವಳು ನಾನು...

ಗುರುವಾರ ಗಿಣಿಗೇರಾದಿಂದ ಗಂಡ ಹೆಂಡತಿ ಬಂದರು. ಅವನು ಕಾರ್ಖಾನೆಯ ಕೆಲಸಗಾರ. ಅವಳ ತೊಡೆಯ ಮೇಲೆ ಬಟ್ಟೆ ತುಂಬಿದ ಚೀಲ.

"ಸಿಟ್ಟು ಬಂದ್ರ ಕೈ ನನ್ನ ಮಾತು ಕೇಳೂದಿಲ್ರಿ. ನಮ್ಮಪ್ಪನೂ ಹಂಗ ಇದ್ದ. ಹುಟ್ಟುಗುಣ," ಎಂದ ಗಂಡ.

"ನಿಮ್ಮ ಸೂಪರ್‌ವೈಸರ್ ಬೈಯೂದಿಲ್ಲೇನು?" ಸರ್ ಕೇಳಿದರು.

"ದಿನಾ ಬೈತಾನ್ರಿ."

"ಅವಗ ಎಷ್ಟು ಸಲ ಹೊಡದಿ?"

"ಅವಗ ಹೊಡದ್ರ ಕೆಲಸ ಹೊಕ್ಕೈತಲ್ಲರೀ!"

"ಹಂಗಾರ ಕೈ ನಿನ್ನ ಮಾತು ಕೇಳ್ತೈತಲ್ಲೋ ಮಾರಾಯ."

"ಅವರವ್ವನ ಮುಂದೂ ಭಾಳ ಶಾಣ್ಯಾ ಐತ್ರಿ ಆ ಕೈ," ಎಂದಳು ಹೆಂಡತಿ.

ಅವನು ತನ್ನ ಕೈಯನ್ನೇ ನೋಡುತ್ತ ಕೂತ. "ಸಿಟ್ಟು ನಿಮ್ಮಪ್ಪ ಕೊಟ್ಟಿದ್ದಿರಬಹುದು. ಕೈ ಎತ್ತೂದು, ಬಿಡೂದು ನಿಂದು," ಎಂದು ಸರ್ ಅವನನ್ನು ಚಹಾಕ್ಕೆ ಎಬ್ಬಿಸಿಕೊಂಡು ಹೊರಟರು. ನನ್ನ ಕಡೆ ನೋಡಲೂ ಇಲ್ಲ. ಹುಟ್ಟುಗುಣ ಎಂಬ ಮಾತನ್ನು ನಾನು ಪೂರ್ತಿ ಬರೆದಿರಲಿಲ್ಲ. ಪೆನ್ನು ಅಲ್ಲೇ ನಿಂತಿತ್ತು.

"ನೀವ ಹೇಳ್ರಿ ಮೇಡಂ, ಇವನ ಮನಿಗೆ ಹೋಗ್ಲೋ ಬ್ಯಾಡೋ?" ಎಂದಳು ಆಕೆ.

ಸರ್ ಬರಲಿ ಎನ್ನಬಹುದಿತ್ತು. ಪುಸ್ತಕ ಮುಚ್ಚಿದೆ. "ಅದನ್ನ ನಾನು ಹೇಳೂದಿಲ್ರಿ. ನಿಮಗೇನು ಬೇಕು ಹೇಳ್ರಿ, ಕೇಳ್ತೀನಿ."

ಚೀಲದ ಜಿಪ್ಪು ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಆಮೇಲೆ ಹೇಳಿದಳು: "ಎರಡು ತಿಂಗಳು ಕುಕನೂರಾಗ ತವರಮನ್ಯಾಗ ಇರ್ತೀನಿ. ಐತವಾರ ಐತವಾರ ಬರ್ಲಿ, ಮಕ್ಕಳನ್ನ ಮಾತಾಡಿಸಿ ಹೋಗ್ಲಿ. ಮುಂದಿಂದು ಆಮ್ಯಾಲ."

ಶನಿವಾರ ನಾನು ಬಿಡಲಿಲ್ಲ. ಸರ್ ಕೇಳಲೂ ಇಲ್ಲ. ಎಂಟು ಭಾನುವಾರ ಕಳೆದ ಮೇಲೆ ಆಕೆ ಬಂದು ಬಾಗಿಲಲ್ಲೇ ನಿಂತು, "ಒಂದ ಐತವಾರನೂ ತಪ್ಪಿಸಿಲ್ರಿ ಅಂವ. ಆದ್ರೂ ಇನ್ನೂ ಎಂಟು ಬರ್ಲಿ ಅಂದೀನಿ," ಎಂದು ನಕ್ಕಳು. ಸರ್ ಅಂದು ನಕ್ಕಷ್ಟು ಜೋರಾಗಿ ಮತ್ತೆ ನಕ್ಕದ್ದನ್ನು ನಾನು ಕೇಳಲಿಲ್ಲ...

ಕುಷ್ಟಗಿಗೆ ಕೆಲಸಕ್ಕೆ ಬಂದ ಮೇಲೆ ಅವರಿಗೆ ಎರಡು ಸಲ ಫೋನ್ ಮಾಡಿದ್ದೆ. ಆಮೇಲೆ ಇಲ್ಲ. ಸಂಕೋಚದ ಸ್ವಭಾವ ಎಂದು ಹೇಳಿಕೊಳ್ಳಲು ಈಗ ಬರುವುದಿಲ್ಲ. ಮಾಡಬಹುದಿತ್ತು, ಮಾಡಲಿಲ್ಲ. ಅವರು ಇನ್ನು ಸಿಗುವುದೂ ಇಲ್ಲ.

ಕಲ್ಲು ಸಿಕ್ಕ ಮರುದಿನ ಬೆಳಿಗ್ಗೆ ಬೇಗ ಹೋಗಿ ಕುಷ್ಟಗಿಯ ನನ್ನ ಕೋಣೆಯ ಬಾಗಿಲಿಗೆ ಆ ಕಲ್ಲನ್ನಿಟ್ಟೆ. ಕೈ ತೊಳೆಯದೆ ಸರ್ ಮನೆಯ ನಂಬರು ಒತ್ತಿದೆ. ಅವರ ಹೆಂಡತಿ ಫೋನ್ ಎತ್ತಿದರು. ಮೊದಲು ಮಾತಾಡಿದವಳು ನಾನೇ.