ಅಣ್ಣ ಬೆಸೆದ ದೋಣಿಗಳು

ಅಣ್ಣನ ಎಡಗಿವಿಗೆ ತುದಿಯಿರಲಿಲ್ಲ. ಇಲಿ ಕಡಿದ ಹಾಗೆ ಅಂಚು ಮೊಂಡಾಗಿ, ಕಪ್ಪಾಗಿತ್ತು. ಯಾರಾದರೂ ಕೇಳಿದರೆ ‘ಥಂಡಿ ತಿಂದೈತಿ’ ಎಂದು ನಗುತ್ತಿದ್ದ. ನಾವು ದುಡಿಯಲು ಬಂದಿದ್ದ ಪಟಾನ್‌ಚೆರುವಿನ ಬಿಸಿಲಲ್ಲಿ ನಿಂತು ಆ ಮಾತು ಕೇಳಿದವರು ಅವನಿಗಿಂತ ಹೆಚ್ಚು ನಗುತ್ತಿದ್ದರು.

ಯುರೋಪಿನ ಉತ್ತರದ ಒಂದು ದೇಶದಲ್ಲಿ ಅವನು ಮೂರು ಚಳಿಗಾಲ ವೆಲ್ಡರ್ ಆಗಿದ್ದ. ಅಲ್ಲಿನ ಕರಾವಳಿ ಕಾವಲು ಪಡೆಯ, ಹಡಗು ಎಳೆಯುವ ಟಗ್ ದೋಣಿಗಳು ದುರಸ್ತಿಗೆ ಬರುವ ಜಾಗದಲ್ಲಿ ಕೆಲಸ. ಗಿಡ್ಡ, ದಪ್ಪ ದೋಣಿಗಳು. ಸಮುದ್ರ ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಮುರಿದು, ಸಿಕ್ಕಿಬಿದ್ದ ಹಡಗುಗಳಿಗೆ ದಾರಿ ಮಾಡಿಕೊಡುತ್ತವಂತೆ. ಸಮುದ್ರವೂ ಗಟ್ಟಿಯಾಗುತ್ತದೆ ಎಂಬುದೇ ನನ್ನ ತಲೆಗೆ ಹೋಗಲಿಲ್ಲ. ನಾನು ಓದಿದ್ದು ಐದನೇ ಇಯತ್ತೆ.

ತಿರುಗಿ ಬಂದ ಹೊಸತರಲ್ಲಿ, ಊಟಕ್ಕೆ ಕೂತಾಗ, ಅವನು ನೀರಿನ ಬೋಗುಣಿಯ ಮೇಲೆ ಖಡಕ್ ರೊಟ್ಟಿಯಿಟ್ಟು, ಅದರ ಮೇಲೆ ತಂಬಿಗೆಯ ತಳವನ್ನು ಮೆಲ್ಲಗೆ ಊರಿದ. ರೊಟ್ಟಿ ಲಟಕ್ಕನೆ ಮುರಿಯಿತು.

“ನೋಡು, ದೋಣಿ ಗುದ್ದೂದಿಲ್ಲ. ಮ್ಯಾಲ ಏರಿ ಕುಂದರತೈತಿ. ಭಾರಕ್ಕ ಮುರೀತೈತಿ.”

“ರೊಟ್ಟಿ ಬಡಿಯೂದು ನಾ, ಮುರಿಯೂದು ನಿಮ್ಮ ದೋಣಿ,” ಎಂದು ಅತ್ತಿಗೆ ಚುಚ್ಚಿದಳು.

ಆಗ ನಾನು ಎಣ್ಣೆ ತುಂಬುವ ಟ್ಯಾಂಕ್ ತಯಾರಿಸುವ ಶೆಡ್ಡಿನಲ್ಲಿ, ವೆಲ್ಡರುಗಳು ಹಾಕಿದ ಬೆಸುಗೆ ಉಜ್ಜುವ ಗ್ರೈಂಡರ್ ಹಿಡಿದು ಎಂಟು ವರ್ಷವಾಗಿತ್ತು. ವೆಲ್ಡರ್ ಜಾಗ ಖಾಲಿಯಾದಾಗ ಅಣ್ಣನನ್ನು ಕರೆದೊಯ್ದೆ. ಅವನ ಸರ್ಟಿಫಿಕೇಟು ಯಾರಿಗೂ ಬಾರದ ಭಾಷೆಯಲ್ಲಿತ್ತು. ಪರೀಕ್ಷೆಗೆ ಕೊಟ್ಟ ದಪ್ಪ ತಗಡಿಗೆ ಅವನು ಮೊದಲು ಗ್ಯಾಸಿನ ಉರಿ ಹಿಡಿದು ಕಾವು ಕೊಡತೊಡಗಿದ. ಈ ಬಿಸಿಲಲ್ಲಿ ಕಬ್ಬಿಣಕ್ಕೆ ಕಾವು ಬೇರೆ ಬೇಕೇ ಎಂದು ಎಲ್ಲರೂ ನಕ್ಕರು. ಬೀದರ್ ಕಡೆಯ ಮೇಸ್ತ್ರಿ ಬೇಸತ್ತು, ಇವನು ನಿಜವಾಗಿ ವೆಲ್ಡರೇ ಎಂದು ನನ್ನನ್ನು ಕೇಳಿದ. ನಮ್ಮಲ್ಲಿ ಕರೆತಂದವನ ಮಾತೇ ಜಾಮೀನು.

“ಆತ ಭಾಳ ಕತಿ ಹೇಳ್ತಾನ್ರೀ,” ಎಂದು ನಾನೂ ನಕ್ಕೆ.

ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ನಿಜವೆಂದರೆ, ಎಂಟು ವರ್ಷ ನಾನು ಕಾದ ಜಾಗದಲ್ಲಿ ಅವನು ಬಂದ ದಿನವೇ ಕೂರುವುದು ನನಗೆ ಬೇಕಿರಲಿಲ್ಲ.

ಅವನ ಕೈಗೂ ಗ್ರೈಂಡರ್ ಬಂತು. ನಮ್ಮ ಮನೆಯಿದ್ದ ಲಿಂಗಂಪಲ್ಲಿಗೆ ಮರಳುವ ಬಸ್ಸಿನಲ್ಲಿ ಇಷ್ಟೇ ಹೇಳಿದ: “ನಿನಗ ನಂಬಿಕಿ ಬರಲಿಲ್ಲಂದ್ರ, ನಾ ಹೇಳೂದ್ರಾಗ ಏನೋ ಕಮ್ಮಿ ಆಗೇತಿ, ತಮ್ಮಾ.”

ಆಮೇಲೆ ರಜೆಯ ದಿನಗಳಲ್ಲಿ ಅವನೇ ನನಗೆ ವೆಲ್ಡಿಂಗ್ ಕಲಿಸಿದ. ಬೆಸುಗೆಯ ರಾಡು ಒಣಗಿಸು, ದಪ್ಪ ತಗಡಿಗೆ ಕಾವು ಕೊಡು, ಇಲ್ಲವಾದರೆ ಬೆಸುಗೆ ಬಿರುಕು ಬಿಡುತ್ತದೆ, ಅವಸರ ಮಾಡಬೇಡ. ನನ್ನ ಪರೀಕ್ಷೆಯ ದಿನ ಮೇಸ್ತ್ರಿ ನನ್ನ ಬಗ್ಗೆ ಅವನನ್ನು ಕೇಳಿದ. ಅಣ್ಣ ಗ್ರೈಂಡರ್ ನಿಲ್ಲಿಸಿ, “ನಮ್ಮ ತಮ್ಮ ಅದಾನ್ರೀ, ನಾ ಹೇಳ್ತೀನಿ,” ಎಂದ. ಜಾಗ ನನಗೆ ಸಿಕ್ಕಿತು.

ಹೋದ ವರ್ಷ ಜ್ವರವೆಂದು ಮಲಗಿದ ಅಣ್ಣ ಮತ್ತೆ ಏಳಲಿಲ್ಲ.

ಮೊನ್ನೆ ನನ್ನ ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿ ತೋರಿಸಿದಳು. ಬಿಳಿ ಬಯಲಿನಲ್ಲಿ ಒಂದು ಗಿಡ್ಡ ದೋಣಿ ಮೂತಿ ಎತ್ತಿ ಮೇಲೇರಿತು, ತುಸು ತಡೆಯಿತು, ಕೂತಿತು. ಬಯಲು ಸೀಳಿತು. “ದೊಡ್ಡಪ್ಪ ಹೇಳಿದ್ದು ಖರೇನ ಐತಲ್ಲಪ್ಪಾ,” ಎಂದಳು.

ಮರುದಿನ ಮೇಸ್ತ್ರಿಯೆದುರು ನಿಂತು, ಅವತ್ತು ನಾನು ಆಡಿದ ಮಾತು ತಪ್ಪು, ಅಣ್ಣ ಪಕ್ಕಾ ವೆಲ್ಡರ್ ಎಂದೆ. ಅವನು ತಲೆಯೆತ್ತಲಿಲ್ಲ.

“ಗೊತ್ತೈತಿ. ನಿನ್ನ ಕೈಕೆಲಸ ನೋಡಿದಾಗನ ಕಲಿಸಿದಾಂವ ಎಂಥಾಂವ ಅಂತ ತಿಳೀತು, ನಿಮ್ಮಣ್ಣಗ ವೆಲ್ಡಿಂಗಿಗೆ ಬಾ ಅಂದಿದ್ದೆ. ‘ನಾ ಬಂದ್ರ ತಮ್ಮನ ಮಾತು ಸುಳ್ಳಾಗ್ತೈತಿ, ಬ್ಯಾಡ್ರೀ’ ಅಂದ.”

ನನ್ನ ಜಾಗಕ್ಕೆ ಬಂದೆ. ಎದುರಿಗೆ ದಪ್ಪ ತಗಡು ಇತ್ತು. ಕಾವು ಕೊಡಲು ಕೂತೆ.