ಮಫ್ಲರಿನ ಮರೆಯ ಗಂಟು

ನಮ್ಮ ಟೈಪಿಂಗ್ ಮೇಷ್ಟ್ರ ಎಡ ಮಣಿಕಟ್ಟಿನ ಮೇಲೆ ಒಂದು ರಕ್ತನಾಳ ಹಗ್ಗದಂತೆ ಉಬ್ಬಿಕೊಂಡಿತ್ತು. ಮುಟ್ಟಿದರೆ ಒಳಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಅದುರುತ್ತಿತ್ತು. ಹಿಂದೆ ಡಯಾಲಿಸಿಸ್‌ಗೆಂದು ವೆಲ್ಲೂರಿನಲ್ಲಿ ಜೋಡಿಸಿದ್ದ ನಾಳ ಅದು. ಹೊಸ ಹುಡುಗಿಯರು ದಿಗಿಲಿನಿಂದ ನೋಡಿದರೆ, "ಅಂಜಬ್ಯಾಡ್ರವಾ, ನನ್ನ ಮೋಟಾರು ಇನ್ನೂ ಓಡಾಕ ಹತ್ತೈತಿ" ಎನ್ನುತ್ತಿದ್ದರು.

ಎಂಬತ್ತರ ದಶಕದ ಮಾತು. ನಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಮೊದಲು ಅವರ ಹತ್ತಿರ ಕಲಿತೆ, ಆಮೇಲೆ ಅಲ್ಲೇ ಕಲಿಸಲು ನಿಂತೆ. ಅವರು ಮದುವೆಯಾಗಿರಲಿಲ್ಲ. ಎರಡೂ ಕಿಡ್ನಿ ಕೆಟ್ಟಾಗ ಸಿರುಗುಪ್ಪದಲ್ಲಿದ್ದ ಅವರ ಅಕ್ಕ, ಅತ್ತೆಮನೆಯವರು ಬೇಡವೆಂದರೂ ಕೇಳದೆ, ತಮ್ಮದೊಂದನ್ನು ಕೊಟ್ಟಿದ್ದರು. ಅದನ್ನು ದೇಹ ಹೊರದೂಡದಿರಲೆಂದು ಮೇಷ್ಟ್ರು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಾತ್ರೆ ನುಂಗಿ, ಆಮೇಲೆಯೇ ಪಾಠ ಶುರು ಮಾಡುತ್ತಿದ್ದರು. ನಾವು ಕೀಲಿಗಳತ್ತ ಬಗ್ಗಿದರೆ ಗದ್ದಕ್ಕೆ ಸ್ಕೇಲು ಹಿಡಿದು ಮುಖ ಎತ್ತಿಸುವರು. "ಕಾಗದ ನೋಡು. ಬೆರಳಿಗೆ ದಾರಿ ಗೊತ್ತೈತಿ."

ಕಿಡ್ನಿ ಹಾಕಿಸಿಕೊಂಡ ಮೂರನೆಯ ವರ್ಷ, ಫ್ಯಾನು ಕೂಡ ಬಿಸಿಗಾಳಿ ಬೀಸುವ ಏಪ್ರಿಲಿನಲ್ಲಿ, ಅವರು ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದರು. ಗಂಟಲು ನೋವು ಅಂದರು. ವಾರವಾದರೂ ತೆಗೆಯಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ನನ್ನನ್ನು ಕೂರಿಸಿ ವೆಲ್ಲೂರಿನ ಡಾಕ್ಟರಿಗೆ ಕಾಗದ ಟೈಪ್ ಮಾಡಿಸಿದರು. ಕೊರಳಲ್ಲಿ ಲಿಂಬೆಹಣ್ಣಿನಷ್ಟು ಗಂಟು, ನೋವಿಲ್ಲ, ಜ್ವರ ಬಂದು ಹೋಗುತ್ತದೆ, ತೂಕ ಇಳಿದಿದೆ. ಅವತ್ತು ನನ್ನ ಕಣ್ಣು ಕೀಲಿಗಳ ಮೇಲೇ ಇತ್ತು. ಅವರು ಬೈಯಲಿಲ್ಲ.

"ಅಕ್ಕಗ ಮಾತ್ರ ಹೇಳಬ್ಯಾಡ" ಅಂದರು.

ಒಬ್ಬರೇ ವೆಲ್ಲೂರಿಗೆ ಹೋಗಿ ಬಂದರು. ಅಲ್ಲಿ ಗಂಟಿನ ತುಣುಕು ತೆಗೆದು ನೋಡಿದ್ದರು: ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್. ಕಿಡ್ನಿ ಕಾಯುವ ಮಾತ್ರೆಗಳು ದೇಹದ ಕಾವಲನ್ನು ಮಂಕು ಮಾಡಿರುತ್ತವೆ, ಅದರಿಂದ ಹೀಗೆ ಆಗುವುದುಂಟು ಎಂದು ಡಾಕ್ಟರು ವಿವರಿಸಿದ್ದರಂತೆ. ಮಾತ್ರೆ ತಗ್ಗಿಸಿದರೆ ಗಂಟು ಕರಗಬಹುದು, ಕಿಡ್ನಿ ಹೋದರೂ ಹೋಗಬಹುದು. ಮೇಷ್ಟ್ರು ವಿಚಾರ ಮಾಡಿ ಬರುತ್ತೇನೆಂದು ಎದ್ದು ಬಂದಿದ್ದರು.

"ಅಕ್ಕ ಹೊಟ್ಟಿ ಕೊಯ್ಸಿಕೊಂಡು ಕೊಟ್ಟಾಳ. ಅದನ್ನ ನನ್ನ ಕೈಯಾರೆ ಹೆಂಗ ಕಳಕೊಳ್ಳಲಿ?"

ಆಮೇಲೂ ಎಂಟಕ್ಕೆ ಸರಿಯಾಗಿ ಮಾತ್ರೆ ನುಂಗುತ್ತಲೇ ಇದ್ದರು. ನನಗೆ ಪ್ರತಿ ಮಾತ್ರೆಯೂ ಆ ಗಂಟಿಗೇ ಉಣಿಸಿದಂತೆ ಕಾಣುತ್ತಿತ್ತು. ಮಫ್ಲರಿನ ಮೇಲೆ ಗಂಟು ಎದ್ದು ಕಾಣತೊಡಗಿತು. ಅವರು ವೆಲ್ಲೂರಿನಿಂದ ಬಂದ ಒಂಬತ್ತನೆಯ ದಿನ ಬಳ್ಳಾರಿಯಲ್ಲಿ ಇಳಿದವಳು ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆ ದಾಟುವವರೆಗೂ ಇಳಿದು ವಾಪಸು ಹೋಗಿಬಿಡಲೇ ಅನ್ನಿಸುತ್ತಿತ್ತು.

ಅಂಗಳದಲ್ಲಿ ಭತ್ತ ಹರವುತ್ತಿದ್ದ ಅಕ್ಕ ನಿಂತಲ್ಲೇ ಎಲ್ಲ ಕೇಳಿದರು. ಅಳಲಿಲ್ಲ. ಕೈ ತೊಳೆದುಕೊಂಡು, "ನಡಿಯವಾ" ಅಂದರು.

ಬಳ್ಳಾರಿಯಲ್ಲಿ ಇಳಿದು ನೆಟ್ಟಗೆ ಕ್ಲಾಸಿನೊಳಗೆ ಬಂದು ತಮ್ಮನ ಮಫ್ಲರ್ ತಾವೇ ಎಳೆದರು. ಟೈಪ್‌ರೈಟರುಗಳ ಸದ್ದು ನಿಂತಿತು.

"ಲೇ ತಮ್ಮಾ, ನಾ ಕಿಡ್ನಿ ಕೊಟ್ಟಿದ್ದು ನೀ ಉಳೀಲಿ ಅಂತ. ಈಗ ಅದನ್ನ ಉಳಸಾಕ ನೀ ಸಾಯ್ತೀಯೇನಲೇ?"

"ಅಕ್ಕಾ, ನೀ ಅಷ್ಟು ನೋವು ತಿಂದು…"

"ಆ ಗಾಯ ಮಾಯ್ದು ಎಷ್ಟು ದಿನಾತು! ಏಳು, ಇವತ್ತ ಹೊಂಡೂಣು."

ವೆಲ್ಲೂರಿನಲ್ಲಿ ಮಾತ್ರೆ ತಗ್ಗಿಸಿದರು, ಇಂಜೆಕ್ಷನ್ ಕೊಟ್ಟರು. ಎರಡು ತಿಂಗಳಲ್ಲಿ ಗಂಟು ಇಳಿಯಿತು. ಕಿಡ್ನಿ ಒಂದು ವರ್ಷಕ್ಕೂ ಮೇಲೆ ತಡೆಯಿತು, ಒಂದೊಂದು ಪರೀಕ್ಷೆಯ ಕಾಗದ ಬಂದಾಗಲೂ ನಮ್ಮ ಜೀವ ಬಾಯಿಗೆ ಬರುತ್ತಿತ್ತು. ಮೇಷ್ಟ್ರು ಮತ್ತೆ ಸ್ಕೇಲು ಹಿಡಿದರು. ನನ್ನ ಜೊತೆ ಮಾತ್ರ ಕೆಲಸದ ಮಾತಷ್ಟೇ. ಬೇರೆಯವರೆದುರು ನನ್ನನ್ನು "ಗುಟ್ಟು ಕಾಯಾಕ ಬರದಾಕಿ" ಎನ್ನುವರು. ನಗುತ್ತಲೇ ಅನ್ನುತ್ತಿದ್ದರು, ಆದರೂ ಚುಚ್ಚುತ್ತಿತ್ತು.

ಮರುವರ್ಷ ದೀಪಾವಳಿಯ ಹೊತ್ತಿಗೆ ಅವರ ಕಾಲು ಬಾತವು. ಕಿಡ್ನಿ ಸೋತಿತ್ತು. ಅಕ್ಕನ ಜೊತೆ ವೆಲ್ಲೂರಿಗೆ ಹೊರಟಾಗ ಸ್ಟೇಷನ್ನಿಗೆ ಹೋಗಿದ್ದೆ. ಅಕ್ಕ ನೀರು ತರಲು ಇಳಿದಾಗ, ಕಿಟಕಿಯ ಹತ್ತಿರ ಕರೆದರು.

"ಅವತ್ತು ನೀ ಸಿರುಗುಪ್ಪಕ್ಕ ಹೋಗಿದ್ದು ಚಲೋ ಆತವಾ. ನನಗ ಸಾಯೋ ಅಂಜಿಕಿ ಇರಲಿಲ್ಲ, ಅಕ್ಕನ ಮಾರಿ ನೋಡೋ ಅಂಜಿಕಿ ಇತ್ತು. ಅದನ್ನ ನೀ ಕಳದಿ."

ಅಕ್ಕ ನೀರು ತಂದು ಹತ್ತಿದರು, ರೈಲು ಹೊರಟಿತು. ಡಯಾಲಿಸಿಸ್ ಕೈಹಿಡಿಯಲಿಲ್ಲ, ಮೇಷ್ಟ್ರು ತೀರಿಕೊಂಡರೆಂದು ಹನ್ನೆರಡನೆಯ ದಿನ ಅಕ್ಕನ ತಂತಿ ಬಂತು. ಬೇರೆಯವರ ಗುಟ್ಟು ಒಡೆದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಆ ಮಾತು ಹೇಳದೆ ಅವರು ಹೋಗಿದ್ದರೆ, ಮಾಡಿದ್ದು ಸರಿಯೋ ತಪ್ಪೋ ಎಂದು ನಾನು ಇವತ್ತಿಗೂ ಅವರನ್ನೇ ಕೇಳುತ್ತಿದ್ದೆ.